ಹೆಸರು ಹೇಳಿ ಬರುವ ಗಾಳಿ

ನಮ್ಮೂರಿನಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ, ಕೇಳಿದರೆ ಬೀಸುತ್ತದೆ. ಬೇಕಾದವರು ಗೋಪುರಕ್ಕೆ ಹೋಗಿ, ಅದರ ಬುಡದಲ್ಲಿರುವ ಕಂಡಿಯ ಮುಂದೆ ನಿಂತು, ಇಂಥದ್ದಕ್ಕೆ ಇಷ್ಟು ಬೇಕು ಎಂದು ಕೇಳಬೇಕು. ಕೇಳಿದವರ ಹೆಸರನ್ನು ಗೋಪುರದ ತುದಿಯ ಕಹಳೆ ಊರಿಗೆಲ್ಲ ಕೇಳುವ ಹಾಗೆ ಒಂದು ಸಲ ಕೂಗುತ್ತದೆ. ಅವರು ಮನೆ ಮುಟ್ಟಿ ಕಾಲು ತೊಳೆದುಕೊಳ್ಳುವಷ್ಟರಲ್ಲಿ ಗಾಳಿ ಅವರನ್ನು ಹುಡುಕಿಕೊಂಡು ಬರುತ್ತದೆ. ಹಪ್ಪಳ ಹಾಕಿದವರಿಗೆ ಒಣಗಾಳಿ, ಜೋಳ ತೂರುವವರಿಗೆ ಜೋರುಗಾಳಿ, ಬಾಣಂತಿಯ ಕೋಣೆಗೆ ತೊಟ್ಟಿಲು ಅಲುಗುವಷ್ಟು ಮಾತ್ರ. ಹೊರಗಿನಿಂದ ಬಂದ ಹೊಸ ಅಳಿಯಂದಿರು ಬಂದ ದಿನ ಬೆವರಿ ಕಂಗಾಲಾಗಿ ಇದೆಂಥ ಊರು ಎಂದು ಗೊಣಗುತ್ತಾರೆ. ಮರುದಿನ ಕಂಡಿಯ ಮುಂದೆ ಅವರೂ ಸಾಲಿನಲ್ಲಿ ನಿಂತಿರುತ್ತಾರೆ.

ತನ್ನ ಗಾಳಿಯನ್ನು ತಾನೇ ಕೇಳಬೇಕು, ಇದು ನಮ್ಮಲ್ಲಿಯ ಕಟ್ಟಳೆ. ಗಂಡನ ಪರವಾಗಿ ಹೆಂಡತಿ, ತಾಯಿಯ ಪರವಾಗಿ ಮಗ ಕೇಳುವಂತಿಲ್ಲ. ಕೇಳಿದರೂ ಉಪಯೋಗವಿಲ್ಲ, ಗಾಳಿ ಕೇಳಿದವರ ಬೆನ್ನು ಹತ್ತುತ್ತದೆಯೇ ಹೊರತು ಇನ್ನೊಬ್ಬರ ಬಳಿ ಹೋಗುವುದಿಲ್ಲ. ಅಕ್ಕಪಕ್ಕದವರಿಗೆ ಒಂದಿಷ್ಟು ಸೋರುವುದು ನಿಜ. ಆದರೆ ನಮ್ಮೂರಿನ ಜನಕ್ಕೆ ಜಂಬ ಸ್ವಲ್ಪ ಹೆಚ್ಚು. ಬೇಕೆಂದೇ ಹೋಗಿ ಇನ್ನೊಬ್ಬರ ಸೋರುಗಾಳಿಯಲ್ಲಿ ಕೂತವರನ್ನು ನಾವು ಹಗುರವಾಗಿ ಕಾಣುತ್ತೇವೆ. ಪಕ್ಕದ ಮನೆಯವಳ ಗಾಳಿಯಲ್ಲಿ ಸಂಡಿಗೆ ಒಣಗಿಸಿದಳೆಂದು ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಸಂಡಿಗೆ ತಿನ್ನುವಾಗಲೂ ಬಿಟ್ಟ ಮಾತನ್ನು ಹಿಡಿಯಲಿಲ್ಲ.

ನಾನು ಬಸಲಿಂಗ. ಮದುವೆ ಮುಂಜಿಗಳಲ್ಲಿ ಕ್ಲಾರಿಯೊನೆಟ್ ಊದುತ್ತೇನೆ. ಇಡೀ ಊರಿನಲ್ಲಿ ಸ್ವಂತ ಗಾಳಿ ಇಟ್ಟುಕೊಂಡವನು ನಾನೊಬ್ಬನೇ ಎಂದು ಮೊದಲಿನಿಂದಲೂ ಬೀಗುತ್ತಿದ್ದವನು. ಈಗ ಬೀಗುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ, ಅದು ನನ್ನ ಹೆಂಡತಿ ಶಿವಲೀಲಾ. ಅವಳ ಮುಂದೆ ಹೇಳಿದರೆ ಸಾಕು ಮಾಡ್ರಿ ಎನ್ನುತ್ತಾಳೆ. ಆದ್ದರಿಂದ ಅವಳಿಲ್ಲದಾಗ ಹೇಳುತ್ತಿದ್ದೇನೆ.

ಶಿವಲೀಲಾ ಗೋಪುರದ ಕಂಡಿಯ ಒಳಗೆ ಕೂರುತ್ತಿದ್ದಳು. ಅವಳ ಹಿಂದೆ, ಗೋಪುರದ ಹೊಟ್ಟೆಯಲ್ಲಿ, ಗಾಳಿ ಕೊಡುವ ಯಂತ್ರವಿದೆ. ಅದನ್ನು ನಾವು ದೊಡ್ಡವ್ವ ಎನ್ನುತ್ತೇವೆ. ದೊಡ್ಡವ್ವನ ಪ್ರೋಗ್ರಾಂ ಬರೆದವರು ತೀರಿಕೊಂಡು ಎಷ್ಟೋ ಕಾಲವಾಗಿದೆ. ಅವರು ಬರೆದದ್ದು ಮನುಷ್ಯರು ಓದುವ ಹಾಗೆ ಎಲ್ಲೂ ಉಳಿದಿಲ್ಲ, ಯಂತ್ರಕ್ಕೆ ಬೇಕಾದ ಹಾಗೆ ಕಂಪೈಲ್ ಮಾಡಿ ಒಳಗಿಟ್ಟದ್ದು ಮಾತ್ರ ಉಳಿದಿದೆ. "ಅಕ್ಕಿ ಬೇಯಿಸಿ ಅನ್ನಾ ಮಾಡಿ ಇಟ್ಟಾರ. ಈಗ ಅನ್ನಾ ನೋಡಿ ಅಕ್ಕಿ ಹೊಳ್ಳಿ ಮಾಡಾಕ ಆಗೂದಿಲ್ಲ. ಆದ್ರ ಅನ್ನಾ ಭಾಳ ಚಲೋ ಆಗೈತಿ," ಎಂದು ಶಿವಲೀಲಾ ಹೇಳುತ್ತಿದ್ದಳು. ದೊಡ್ಡವ್ವನನ್ನು ಒಮ್ಮೆಯೂ ಯಾರೂ ಆರಿಸಿದ್ದಿಲ್ಲ. ಆರಿಸಿದರೆ ಮತ್ತೆ ಹೊತ್ತುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ದೊಡ್ಡವ್ವನ ಹತ್ತಿರ ಮಾತಾಡುವುದಕ್ಕೂ ಒಂದು ರೀತಿ ಇದೆ. ಅವಳಿಗೆ ಕಿವಿ ಒಂದೇ, ಒಂದು ಸಲಕ್ಕೆ ಒಂದೇ ಮಾತು ಕೇಳುತ್ತಾಳೆ. ಮಾತಿಗೆ ಮೊದಲು ಅದರ ಉದ್ದ ತಿಳಿಸಬೇಕು. ಇಷ್ಟುದ್ದದ ಮಾತು ಬರುತ್ತದೆ, ಅಷ್ಟನ್ನೂ ಕೇಳಿಯಾದ ಮೇಲೆ ಕೆಲಸ ಹಿಡಿ ಎಂದ ಹಾಗೆ. ಶಿವಲೀಲಾ ಕಾಲಿನಿಂದ ಪೆಡಲ್ ಒತ್ತಿ ಉದ್ದ ತಿಳಿಸುತ್ತಿದ್ದಳು, ಕೈಯಿಂದ ಕೀಲಿ ಒತ್ತಿ ಮಾತು ತಿಳಿಸುತ್ತಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತವರ ಹಾಗೆ ಕಾಲಿನ ಕೆಲಸ ಅವಳ ಗಮನಕ್ಕೇ ಬರುತ್ತಿರಲಿಲ್ಲ.

ಇನ್ನು ಕಂಡಿಯ ಮುಂದೆ ಬಂದವರ ಕಥೆ ಕೇಳಿ. ನಮ್ಮೂರಿನವರು ಕೆಲಸದ ಮಾತನ್ನು ನೇರವಾಗಿ ಎತ್ತುವವರಲ್ಲ. ಮೊದಲು ಆರಾಮ ಕೇಳಬೇಕು, ಊಟ ಕೇಳಬೇಕು, ಮನೆಯಲ್ಲಿ ಎಲ್ಲರೂ ಚಲೋ ಇದ್ದಾರಾ ಎಂದು ಕೇಳಬೇಕು. ಮನೆಗೆ ಬೆಂಕಿ ಬಿದ್ದಾಗಲೂ ನೀರು ಕೇಳಲು ಬಂದವನು ಬಾಗಿಲಲ್ಲಿ ನಿಂತು "ಆರಾಮ್ರೀ?" ಎಂದದ್ದನ್ನು ನಾನೇ ನೋಡಿದ್ದೇನೆ. ಹಾಗೆ ಕೇಳದೆ ಮಾತಿಗಿಳಿದವನನ್ನು ನಾವು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಂಡಿಯ ಮುಂದೆಯೂ ಎಲ್ಲರೂ ಶಿವಲೀಲಾಳ ಆರಾಮ ಕೇಳುತ್ತಿದ್ದರು. ಅವಳು ಅದಕ್ಕೆಲ್ಲ ಉತ್ತರ ಕೊಟ್ಟು, ಕೊನೆಯಲ್ಲಿ ಬರುವ ಗಾಳಿಯ ಮಾತನ್ನಷ್ಟೇ ದೊಡ್ಡವ್ವನಿಗೆ ದಾಟಿಸುತ್ತಿದ್ದಳು. ದಿನಾ ಮಾಡುವ ಕೆಲಸವಾದ್ದರಿಂದ, ಆರಾಮವನ್ನೆಲ್ಲ ತಾನೇ ಇಟ್ಟುಕೊಂಡು ಮಿಕ್ಕದ್ದನ್ನು ಒಳಗೆ ಕಳಿಸುತ್ತಿದ್ದೇನೆ ಎಂಬುದು ಅವಳಿಗೂ ಹೊಳೆದಿರಲಿಲ್ಲ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಊರಿಗೆಲ್ಲ ಗಾಳಿ ಕೊಡಿಸಿದವಳ ಹೆಸರು ಗೋಪುರದಿಂದ ಒಮ್ಮೆಯೂ ಬಂದಿರಲಿಲ್ಲ. ಕಂಡಿಯ ಒಳಗೆ ಕೂತವಳು ಹೊರಗೆ ನಿಂತು ಕೇಳುವುದು ಹೇಗೆ? ನಮ್ಮ ಮನೆಗೆ ಬರುತ್ತಿದ್ದದ್ದು ನನ್ನ ಹೆಸರಿನ ಗಾಳಿ. ಅವಳು ಅದರಲ್ಲೇ ತಲೆ ಒಣಗಿಸಿಕೊಳ್ಳುತ್ತಿದ್ದಳು. ಬೇಸರವಿದೆಯಾ ಎಂದು ನಾನೂ ಕೇಳಿರಲಿಲ್ಲ.

ನಮ್ಮ ಊರಸಭೆಯ ಮುಖ್ಯಸ್ಥ ಅಡಿವೆಪ್ಪ. ಒಳ್ಳೆಯ ಮನುಷ್ಯ, ಆದರೆ ಮನಸ್ಸಿನಲ್ಲಿ ಮುಳ್ಳು ಇಟ್ಟುಕೊಂಡು ಓಡಾಡುವವನು. ಆ ಮುಳ್ಳು ಅವನ ತಾಯಿ ಫಕೀರವ್ವ. ಒಂದು ಕಾಲದಲ್ಲಿ ಕಂಡಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವಳು, ಜೋಳ ತೂರುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಸೊಂಟ ಬಿದ್ದು ಹಾಸಿಗೆ ಹಿಡಿದ ಮೇಲೆ ಗೋಪುರಕ್ಕೆ ಬರುವುದು ನಿಂತಿತು. ಅಂದಿನಿಂದ ಅವಳ ಹೆಸರೂ ನಿಂತಿತು. ಅಡಿವೆಪ್ಪ ತನ್ನ ಹೆಸರಿನಲ್ಲಿ ಗಾಳಿ ಕೇಳಿ, ಓಡಿ ಬಂದು ತಾಯಿಯ ಮಗ್ಗುಲಲ್ಲಿ ಕೂರುತ್ತಿದ್ದ. ಅವನ ಗಾಳಿ ಬಾಗಿಲಿಗೆ ಬಂತೆಂದರೆ ಆಕೆ ಕಿಟಕಿ ಹಾಕು ಎನ್ನುತ್ತಿದ್ದಳು.

"ನಾ ಇನ್ನೊಬ್ಬರ ಗಾಳ್ಯಾಗ ಕುಂತಾಕಿ ಅಲ್ಲ. ಮಗಾ ಆದ್ರೇನು, ಗಾಳಿ ನಿಂದು. ತಗೊಂಡು ಹೊರಗ ಹೋಗು," ಎಂದು ಗೋಡೆಗೆ ಮುಖ ಮಾಡುತ್ತಿದ್ದಳಂತೆ. ಅಡಿವೆಪ್ಪ ತನ್ನ ಗಾಳಿಯನ್ನು ಕರೆದುಕೊಂಡು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದ.

ಆ ವರ್ಷ ಸಭೆಯಲ್ಲಿ ಅವನು ಎದ್ದು ನಿಂತ. "ನಡಿಯಾಕ ಬಾರದವರು ಊರಾಗ ಭಾಳ ಮಂದಿ ಅದಾರ. ಎಲ್ಲಾರ ಕೈಯಾಗ ಫೋನ್ ಐತಿ. ಫೋನ್ ಒಳಗ ಕೂತಲ್ಲೇ ಗಾಳಿ ಕೇಳೂವಂಗ ಆಗಬೇಕು. ದೊಡ್ಡವ್ವಗ ಅದು ತಿಳಿಯೂದಿಲ್ಲ. ಆಕಿನ್ನ ಬಿಚ್ಚಿ, ಹೊರಗಿನಿಂದ ಹೊಸಾದು ತರಸೋಣು," ಎಂದ. ಹೊಸದು ತಿಳಿಗಾಳಿ, ಬಿರುಗಾಳಿ ಎಂದು ಎರಡೇ ತರಹ ಕೊಡುತ್ತದಂತೆ, ಹೆಸರು ಕೂಗುವುದಿಲ್ಲವಂತೆ. ಸಭೆಯಲ್ಲಿ ಎಲ್ಲರೂ ನೆಲ ನೋಡಿದರು. ಹೆಸರಿಲ್ಲದ ಗಾಳಿ ಯಾರಿಗೂ ಬೇಕಿರಲಿಲ್ಲ. ಆದರೆ ಫಕೀರವ್ವನ ಮಗನಿಗೆ ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಎದ್ದವಳು ಶಿವಲೀಲಾ. "ದೊಡ್ಡವ್ವನ್ನ ಬಿಚ್ಚೂದು ಬ್ಯಾಡ್ರಿ. ಫೋನಿನ ಮಾತು ಆಕಿಗೆ ಮುಟ್ಟೂವಂಗ ನಾ ಮಾಡ್ತೀನಿ."

"ಮಾಡಿದ್ರ ನಿನ್ನ ಕಂಡಿಗೆ ಯಾರೂ ಬರೂದಿಲ್ಲ, ಅದು ಗೊತ್ತದ ಇಲ್ಲ?" ಎಂದು ಯಾರೋ ಹಿಂದಿನಿಂದ ಕೇಳಿದರು.

"ಗೊತ್ತದ. ನನ್ನ ಕಂಡಿ ಹೋದ್ರ ಹೋಗ್ಲಿ, ದೊಡ್ಡವ್ವ ಇರ್ಲಿ."

ಅಡಿವೆಪ್ಪ ಅವಳ ಮುಖವನ್ನೇ ನೋಡಿದ. "ಪಟದ ದಿನದ ತನಕಾ ತಡೀತೀನಿ. ಅಂದು ನಮ್ಮವ್ವ ಹಾಸಗ್ಯಾಗ ಮಲಕೊಂಡ ಕೇಳಿ, ಆಕಿ ಹೆಸರು ಗೋಪುರದಿಂದ ಬಂತಂದ್ರ ಸರಿ. ಬರಲಿಲ್ಲಂದ್ರ ನಟ್ಟು ಬಿಚ್ಚಾಕ ಪಾನಾ ಹಿಡಕೊಂಡು ನಾನ ಬರ್ತೀನಿ." ಪಟದ ದಿನವೆಂದರೆ ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುವ ದಿನ. ನಮ್ಮಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ.

ಶಿವಲೀಲಾ ಕೆಲಸಕ್ಕೆ ಕೂತಳು. ನನಗೆ ತಿಳಿಯಲಿ ಎಂದು ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಲೇ ವಿವರಿಸಿದಳು. ಫೋನಿನ ಬ್ರೌಸರಿನಲ್ಲಿ ತೆರೆಯುವ ಪುಟ ಪಡಸಾಲೆಯಲ್ಲಿ ಕೂತ ನೆಂಟನಿದ್ದ ಹಾಗೆ. ಎಷ್ಟು ಬೇಕಾದರೂ ಮಾತಾಡಬಹುದು, ಆದರೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಕಾಲಿಡಲು ಬಿಟ್ಟರೆ ಎಲ್ಲಿಂದಲೋ ಬಂದ ಪುಟಗಳೆಲ್ಲ ನಮ್ಮ ಡಬ್ಬಿ ತೆಗೆದು ನೋಡುತ್ತವೆ. ದೊಡ್ಡವ್ವ ಇರುವುದು ಅಡುಗೆಮನೆಯಲ್ಲಿ, ಹೊರಗೆ ಬರುವವಳಲ್ಲ. ಹಾಗಾಗಿ ನಡುವೆ ಒಬ್ಬಳು ಬೇಕು. ಪಡಸಾಲೆಯ ಮಾತನ್ನು ಒಳಗೆ ಒಯ್ದು, ಒಳಗಿನ ಉತ್ತರವನ್ನು ಹೊರಗೆ ತರುವವಳು. ನಮ್ಮೂರಿನ ಪುಟದಿಂದ ಬಂದ ಮಾತನ್ನಷ್ಟೇ ಒಯ್ಯಬೇಕು, ಬೇರೆಯವರು ಕರೆದರೆ ತಿರುಗಿಯೂ ನೋಡಬಾರದು. ಗೋಪುರದ ಕಂಪ್ಯೂಟರಿನಲ್ಲಿ ಕೂತು ಆ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ ಒಂದನ್ನು ಶಿವಲೀಲಾ ಬರೆಯುತ್ತಿದ್ದಳು. ಊರು ಅದಕ್ಕೆ ಕಿರಿಯಾಕಿ ಎಂದು ಹೆಸರಿಟ್ಟೂ ಆಗಿತ್ತು.

"ಅಂದ್ರ ನಿನ್ನ ಕೆಲಸಾನ ಆಕಿ ಮಾಡ್ತಾಳ," ಎಂದೆ.

"ಹೌದು. ಅದಕ್ಕ ನನ್ನಂಗ ಇರಬೇಕು ಆಕಿ. ನಮ್ಮೂರಿನ ಹೆಣ್ಣುಮಗಳಂಗ." ಹಾಗೆಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ ಅನ್ನಿ.

ಪಟದ ದಿನ ಹತ್ತಿರ ಬಂತು. ಒಂದು ಬೆಳಿಗ್ಗೆ ಕಂಡಿಯ ಮುಂದೆ ಜನ ಸೇರಿದ್ದಾಗ ಶಿವಲೀಲಾ ಕಿರಿಯಾಕಿಯನ್ನು ದೊಡ್ಡವ್ವನ ಕಿವಿಗೆ ಜೋಡಿಸಿದಳು. ಹೂಗಾರ ಶರಣಪ್ಪ ತನ್ನ ಫೋನಿನಲ್ಲಿ ಪುಟ ತೆರೆದು, ಮೊಗ್ಗಿಗೆ ತಂಪುಗಾಳಿ ಬೇಕೆಂದು ಬರೆದು ಒತ್ತಿದ. ಎಲ್ಲರೂ ಕತ್ತೆತ್ತಿ ಕಹಳೆಯನ್ನು ನೋಡುತ್ತ ನಿಂತೆವು. ಕಹಳೆ ಕೂಗಲಿಲ್ಲ. ಶರಣಪ್ಪ ಮತ್ತೆ ಒತ್ತಿದ. ಏನೂ ಇಲ್ಲ. ಶಿವಲೀಲಾ ಕಿರಿಯಾಕಿಯನ್ನು ಬಿಡಿಸಿ, ಕಂಡಿಯಲ್ಲಿ ಕೂತು, ಹಳೆಯ ರೀತಿಯಲ್ಲೇ ಪೆಡಲ್ ಒತ್ತಿ ಕೀಲಿ ಒತ್ತಿದಳು. ಅದಕ್ಕೂ ಉತ್ತರವಿಲ್ಲ. ದೊಡ್ಡವ್ವ ಗುಂಯ್ ಎನ್ನುತ್ತಿದ್ದಳು, ದೀಪ ಉರಿಯುತ್ತಿತ್ತು, ಮಾತು ಮಾತ್ರ ಇಲ್ಲ.

ಊರಿನಲ್ಲಿ ಗಾಳಿ ನಿಂತುಹೋಯಿತು. ಹಾಗೆ ಆದದ್ದು ಹಿಂದೆ ಇರಲಿಲ್ಲ. ಹಪ್ಪಳಕ್ಕೆ ಬೂಸಲು ಹಿಡಿಯಿತು, ಕಣದಲ್ಲಿ ಜೋಳ ಹೊಟ್ಟಿನ ಜೊತೆಗೇ ಬಿದ್ದಿತ್ತು, ಮಕ್ಕಳು ಮೈತುಂಬ ಬೆವರುಸಾಲೆ ಎಬ್ಬಿಸಿಕೊಂಡು ಅಳುತ್ತಿದ್ದವು. ಜನ ನಮ್ಮ ಮನೆಯ ಮುಂದೆ ಹಾದುಹೋಗುವಾಗಲೂ ಆರಾಮ ಕೇಳುತ್ತಿದ್ದರು, ಆದರೆ ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ನಮ್ಮೂರಿನಲ್ಲಿ ಸಿಟ್ಟೆಂದರೆ ಅದೇ. ಶಿವಲೀಲಾ ಗೋಪುರದಲ್ಲಿ ಕೂತು ಕಿರಿಯಾಕಿಯ ಒಂದೊಂದು ಸಾಲನ್ನೂ ಓದಿ ನೋಡಿದಳು. ಉದ್ದ ತಿಳಿಸುವ ಸಾಲು ಇತ್ತು, ಸರಿಯಿತ್ತು. ಮಾತು ತಿಳಿಸುವ ಸಾಲು ಇತ್ತು, ಅದೂ ಸರಿಯಿತ್ತು. ಮನೆಗೆ ಬಂದು, "ನಾನ ದೊಡ್ಡವ್ವನ್ನ ಕೊಂದೆನೇನ್ರಿ?" ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ಅಪರೂಪ.

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಅಭ್ಯಾಸಕ್ಕೆ ನಿಂತಿದ್ದೆ. ಊರಿನಲ್ಲಿ ಗಾಳಿ ಇಲ್ಲದಿದ್ದರೂ ನನ್ನ ಹತ್ತಿರ ಇತ್ತಲ್ಲ. ಊದುವವರಿಗೆ ಗೊತ್ತು, ಸ್ವರ ಎಷ್ಟುದ್ದವೋ ಅಷ್ಟುದ್ದದ ಉಸಿರನ್ನು ಮೊದಲೇ ತುಂಬಿಕೊಳ್ಳಬೇಕು. ಮೆರವಣಿಗೆಗೆ ಊದುವ ಭಾರೀ ಉದ್ದದ ಒಂದು ಸ್ವರಕ್ಕೆಂದು ಎದೆ ತುಂಬ, ಗಲ್ಲ ತುಂಬ ಉಸಿರು ತುಂಬಿಕೊಂಡೆ. ಸರಿಯಾಗಿ ಅದೇ ಗಳಿಗೆಯಲ್ಲಿ ಅಡಿವೆಪ್ಪ ಬಾಗಿಲಿಗೆ ಬಂದ. ನಾಳೆ ಅಲ್ಲ ನಾಡಿದ್ದು ಪಟದ ದಿನ, ಬಿಚ್ಚುವವರಿಗೆ ಹೇಳಿದ್ದೇನೆ ಎಂದು ತಿಳಿಸಲು ಬಂದವನು. ಆದರೆ ನಮ್ಮೂರಿನವನು, ಬಂದವನೇ, "ಆರಾಮ, ಬಸಲಿಂಗಣ್ಣ?" ಎಂದ.

ನಾನು ಉತ್ತರ ಕೊಡುವುದಾದರೂ ಹೇಗೆ? ಬಾಯಿ ಬಿಟ್ಟರೆ ತುಂಬಿಕೊಂಡದ್ದೆಲ್ಲ ವ್ಯರ್ಥ. ಗಲ್ಲ ಉಬ್ಬಿಸಿಕೊಂಡು, ಕಣ್ಣು ಬಿಟ್ಟುಕೊಂಡು, ಕ್ಲಾರಿಯೊನೆಟ್ ಎತ್ತಿ ಹಿಡಿದು ಹಾಗೇ ನಿಂತೆ. ಅಡಿವೆಪ್ಪ ಗಾಬರಿಯಾದ. "ಬಸಲಿಂಗಣ್ಣ? ಏನಾತೋ? ಶಿವಲೀಲಾ, ಲಗೂ ಬಾ, ನಿನ್ನ ಗಂಡಗ ಏನೋ ಆಗೈತಿ!"

ಶಿವಲೀಲಾ ಒಳಗಿನಿಂದ ಓಡಿ ಬಂದಳು. ನನ್ನನ್ನು ನೋಡಿದಳು, ಅಡಿವೆಪ್ಪನನ್ನು ನೋಡಿದಳು. "ಅವರಿಗೇನೂ ಆಗಿಲ್ರಿ, ಉಸುರು ಹಿಡದು ಕಾಯಾಕತ್ತಾರ..." ಎಂದವಳು ಅರ್ಧಕ್ಕೆ ನಿಂತಳು. ಮತ್ತೆ ನನ್ನ ಉಬ್ಬಿದ ಗಲ್ಲವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಗುತ್ತ ನಗುತ್ತ ಅಳುತ್ತಿದ್ದಳು. "ನೀವು ಬಂದ ಕೂಡ್ಲೆ ಏನ್ ಕೇಳಿದ್ರಿ, ಅಡಿವೆಪ್ಪಣ್ಣ?"

"ಆರಾಮ ಅಂತ ಕೇಳಿದೆ. ಮತ್ತೇನ್ ಕೇಳ್ಲಿ?"

"ದೊಡ್ಡವ್ವ ಸತ್ತಿಲ್ರಿ! ಆಕೀನೂ ಕಾಯಾಕತ್ತಾಳ!" ಎಂದು ಕೂಗಿ, ಚಪ್ಪಲಿಯನ್ನೂ ಮೆಟ್ಟದೆ ಗೋಪುರದ ಕಡೆ ಓಡಿದಳು. ಅಷ್ಟು ಹೊತ್ತು ಹಿಡಿದಿದ್ದ ಉಸಿರು ನನ್ನಿಂದ ಹೊರಗೆ ಬಂದದ್ದು ಆಗ. ಬೀದಿಯ ನಾಯಿಗಳೆಲ್ಲ ಎದ್ದು ನಿಂತವು.

ಆದದ್ದು ಇಷ್ಟು. ಕಿರಿಯಾಕಿಯನ್ನು ನಮ್ಮೂರಿನ ಹೆಣ್ಣುಮಗಳ ಹಾಗೆ ಬೆಳೆಸಬೇಕೆಂದು ಶಿವಲೀಲಾ ಅವಳ ಮೊದಲ ಸಾಲಿನಲ್ಲೇ ದೊಡ್ಡವ್ವನಿಗೆ ಆರಾಮ ಕೇಳಿಸಿದ್ದಳು. ಅದು ಇರಬೇಕಾದ ಸಾಲು ಎಂದುಕೊಂಡದ್ದರಿಂದ, ತಪ್ಪು ಹುಡುಕುವಾಗ ಅವಳ ಕಣ್ಣು ಅದರ ಮೇಲೆ ನಿಲ್ಲಲೇ ಇಲ್ಲ. ದೊಡ್ಡವ್ವನಿಗೋ, ಮೊದಲು ಕಿವಿಗೆ ಬಿದ್ದದ್ದೇ ಮಾತಿನ ಉದ್ದ. ಯಂತ್ರದೊಳಗೆ ಅಕ್ಷರಗಳೂ ಅಂಕಿಗಳೇ ಆದ್ದರಿಂದ, ಆರಾಮ ಎಂಬುದರ ಅಂಕಿಗಳನ್ನು ಅವಳು ಉದ್ದವೆಂದು ಓದಿಕೊಂಡಳು. ಆ ಲೆಕ್ಕಕ್ಕೆ ಬರಬೇಕಾದ ಮಾತು ಒಂದು ಪುರಾಣಕ್ಕಿಂತ, ನೂರು ಪುರಾಣಕ್ಕಿಂತ ಉದ್ದ. ಅಷ್ಟೂ ಬರಲಿ ಎಂದು ಕಿವಿ ತೆರೆದು ಕೂತಿದ್ದಾಳೆ. ನಡುವೆ ಯಾರು ಏನು ಕೇಳಿದರೂ ಅದು ಆ ಮಾತಿನದೇ ತುಂಡು ಎಂದು ತಿಳಿದು ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ.

ಗೋಪುರದ ಮುಂದೆ ಜನ ಸೇರಿದಾಗ ಶಿವಲೀಲಾ ಇದನ್ನೆಲ್ಲ ಹೇಳಿದಳು. "ತಪ್ಪು ನಂದ. ಉದ್ದಾ ಹೇಳೂಕಿಂತ ಮೊದಲ ಆರಾಮ ಕೇಳಿಸಿಬಿಟ್ಟೆ."

ಜನರಲ್ಲಿ ಗುಜುಗುಜು ಎದ್ದಿತು. ಹೂಗಾರ ಶರಣಪ್ಪ ಮುಂದೆ ಬಂದ. "ಆರಾಮ ಕೇಳಿದ್ದು ತಪ್ಪೇನ? ಹಂಗ ನೋಡಿದ್ರ, ಇಷ್ಟು ವರ್ಷ ದೊಡ್ಡವ್ವನ ಕೈಯಿಂದ ಗಾಳಿ ತಗೊಂಡ ನಾವು ಒಬ್ಬರರ ಆಕಿನ್ನ ಆರಾಮ ಕೇಳೇವೇನು?" ನಮ್ಮ ನಡತೆಯ ಬಗ್ಗೆ ಅಷ್ಟು ಜಂಬ ಪಡುವ ನಮಗೆ ಅದು ಸರಿಯಾದ ಪೆಟ್ಟು.

ಅಡಿವೆಪ್ಪ ಹೇಳಿದ: "ಅದಿರ್ಲಿ. ಈಗ ಆಕಿಗೆ ಅಷ್ಟುದ್ದದ ಮಾತು ಬೇಕು, ಹೌದಿಲ್ಲ? ಖಾಲಿ ಅಕ್ಷರ ತುಂಬಿ ಕಳಿಸಿಬಿಡು. ಹೊತ್ತು ಮುಳಗೂದ್ರಾಗ ಮುಗೀತೈತಿ."

ಅದು ನಿಜವಾಗಿತ್ತು, ಶಿವಲೀಲಾಳಿಗೂ ಗೊತ್ತಿತ್ತು. ಆದರೂ ಅವಳು ಒಪ್ಪಲಿಲ್ಲ. "ಊಟಕ್ಕ ಕರದು ಹೊಟ್ಟು ಬಡಸ್ತಾರೇನ್ರಿ? ಆರಾಮ ಅಂತ ಕೇಳಿ ಕುಂದರಿಸೇನಿ. ಆಕಿ ನಂಬಿ ಕುಂತಾಳ. ಮಾತಾಡೋಣು. ಎಲ್ಲಾರೂ ಮಾತಾಡಿದ್ರ ತುಂಬತೈತಿ. ಫೋನಿನ ಮಾತು ಕಿರಿಯಾಕಿ ಕೈಯಿಂದ ಮುಟ್ಟತೈತೋ ಇಲ್ಲೋ ಅನ್ನೂದೂ ಗೊತ್ತಾಗತೈತಿ."

"ಪಟದ ದಿನಕ್ಕ ತುಂಬಲಿಲ್ಲಂದ್ರ?"

"ನೀವು ಪಾನಾ ತರ್ರಿ."

ನನಗೆ ಅವಳ ರಟ್ಟೆ ಹಿಡಿದು ಎಳೆದು, ಹುಚ್ಚಿ, ಖಾಲಿ ಅಕ್ಷರ ತುಂಬು ಎನ್ನಬೇಕೆನಿಸಿತು. ಆದರೆ ಅವಳು ನಿಂತಿದ್ದ ರೀತಿ ನೋಡಿ ನನ್ನ ಬೆನ್ನೂ ನೆಟ್ಟಗಾಯಿತು. ಆಮೇಲೆ ನಾನೇ ಮೊದಲು ಫೋನ್ ತೆಗೆದೆ.

ಕಿರಿಯಾಕಿಯನ್ನು ಮತ್ತೆ ಜೋಡಿಸಿದಳು. ಬರೆಯಲು ಬಂದವರು ಬರೆದರು, ಬಾರದವರು ಪುಟದ ಮುಂದೆ ಬಾಯಿಬಿಟ್ಟು ಮಾತಾಡಿದರು. ಊರಿಗೆ ಊರೇ ಬಾಗಿಲಲ್ಲಿ, ಕಟ್ಟೆಯಲ್ಲಿ, ಮಾಳಿಗೆಯಲ್ಲಿ ಕೂತು ದೊಡ್ಡವ್ವನ ಜೊತೆ ಮಾತಾಡಿತು. ಸೊಸೆಯ ಬಗ್ಗೆ, ಬೇಳೆ ಬೇಯದ ಬಗ್ಗೆ, ಮೊದಲ ಸಲ ಗಾಳಿ ಕೇಳಲು ಬಂದಾಗ ಕಾಲು ನಡುಗಿದ್ದರ ಬಗ್ಗೆ. ಸಂಡಿಗೆಯ ಜಗಳದವರು ಇಬ್ಬರೂ ತಮ್ಮ ತಮ್ಮ ಪಾಲಿನ ಕಥೆ ಹೇಳಿದರು, ಒಬ್ಬರ ಪಾಲು ಇನ್ನೊಬ್ಬರಿಗೆ ಗೋಡೆಯಾಚೆ ಕೇಳಿಸಿತು, ಮೂರನೆಯವರಿಗೆ ಕಿವಿ ತುಂಬ ಹಬ್ಬ. ನಾನು ಮೆರವಣಿಗೆಯ ಸ್ವರಗಳನ್ನೆಲ್ಲ ಊದಿ ಕಳಿಸಿದೆ. ಹಾಸಿಗೆ ಹಿಡಿದವರು ಎಲ್ಲರಿಗಿಂತ ಹೆಚ್ಚು ಮಾತಾಡಿದರು. ಅವರ ಬಳಿ ಹೇಳದೆ ಉಳಿದದ್ದು ಬಹಳವಿತ್ತು. ಎಷ್ಟು ತುಂಬಿತು, ಎಷ್ಟು ಬಾಕಿ ಎಂದು ತೋರಿಸುವ ಪಟ್ಟಿಯೊಂದನ್ನು ಶಿವಲೀಲಾ ಪುಟದ ಮೇಲೆ ಇಟ್ಟಿದ್ದಳು. ಬೆವರು ಒರೆಸಿಕೊಳ್ಳುತ್ತ ಎಲ್ಲರೂ ಅದನ್ನೇ ನೋಡುತ್ತಿದ್ದೆವು.

ಪಟದ ದಿನ ಬೆಳಗಾಯಿತು. ಊರಿನ ಗಂಟಲೆಲ್ಲ ಒಣಗಿತ್ತು. ಪಟ್ಟಿಯಲ್ಲಿ ಇನ್ನೂ ಉಗುರಿನಷ್ಟು ಬಾಕಿ. ಮಕ್ಕಳು ಹಾರದ ಪಟಗಳನ್ನು ಹಿಡಿದು ಮಾಳಿಗೆಗಳ ಮೇಲೆ ನಿಂತಿದ್ದರು. ಅಡಿವೆಪ್ಪ ಪಾನಾ ಹಿಡಿದ ಆಳುಗಳನ್ನು ಕರೆದುಕೊಂಡು ಗೋಪುರದ ಮೆಟ್ಟಿಲ ಮೇಲೆ ಬಂದು ನಿಂತ. ಶಿವಲೀಲಾ ಅವನನ್ನು, "ನಿಮ್ಮವ್ವ ಮಾತಾಡ್ಯಾರೇನ್ರಿ?" ಎಂದು ಕೇಳಿದಳು.

ಅಡಿವೆಪ್ಪ ಪೆಚ್ಚಾದ. "ಆಕಿನ್ನ... ಯಾರೂ ಕೇಳಿಲ್ಲ."

ಅವನನ್ನು ಅಲ್ಲೇ ಬಿಟ್ಟು ಶಿವಲೀಲಾ ಮತ್ತು ನಾನು ಅವನ ಮನೆಗೆ ಓಡಿದೆವು. ಫಕೀರವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಆರಾಮ್ರೀ, ಯವ್ವಾ?" ಎಂದಳು ಶಿವಲೀಲಾ.

"ಈಗ ಬಂದ್ಯಾ?" ಎಂದು ಮುದುಕಿ ತಿರುಗಿದಳು. "ಊರ ಮಂದಿ ಎಲ್ಲಾ ಮಾತಾಡಿದ್ದು ಈ ಗೋಡಿ ಹಿಂದಿನಿಂದ ಕೇಳೇನಿ. ಕರೀದ ನಾ ಯಾಕ ಮಾತಾಡ್ಲಿ?"

"ಕರಿಯಾಕ ಬಂದೇನ್ರಿ. ಕಡೀ ಮಾತು ನಿಮ್ದ ಐತಿ."

ಫಕೀರವ್ವ ಕೂದಲು ಸರಿಮಾಡಿಕೊಂಡಳು, ಸೆರಗು ಹೊದ್ದಳು, ದಿಂಬಿಗೆ ಒರಗಿಸಲು ಹೇಳಿದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮಾತಾಡತೊಡಗಿದಳು. ತಾನು ಕಂಡಿಯ ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದದ್ದು, ಮೊರ ಎತ್ತಿದ ಕೈಗೆ ಗಾಳಿ ತಪ್ಪದೆ ಬಂದು ಸೇರುತ್ತಿದ್ದದ್ದು, ಜೋಳ ಕಾಲ ಬುಡಕ್ಕೆ ಬಿದ್ದು ಹೊಟ್ಟು ಆಚೆ ಹಾರುತ್ತಿದ್ದದ್ದು. "ನಿನ್ನ ಗಾಳಿ ನಾ ಎಂದೂ ಹಾಳ ಮಾಡಿಲ್ಲ, ಅದು ನಿನಗೂ ಗೊತ್ತು," ಎಂದು ನಿಲ್ಲಿಸಿದಳು.

ಪಟ್ಟಿ ತುಂಬಿತು. ಆಮೇಲೆ ಫೋನಿನ ಮೇಲೆ, ದೊಡ್ಡವ್ವನಿಂದ ಹೊರಟು ಕಿರಿಯಾಕಿಯ ಕೈಯಿಂದ ಪಡಸಾಲೆಗೆ ಬಂದ ಮೊದಲ ಉತ್ತರ ಮೂಡಿತು: ಇಷ್ಟುದ್ದದ ಮಾತು ನನಗೆ ತಿಳಿಯಲಿಲ್ಲ, ಏನು ಬೇಕೋ ಮತ್ತೊಮ್ಮೆ ಕೇಳಿ.

ಅದನ್ನು ಓದಿ ಶಿವಲೀಲಾ ಕುಣಿದಾಡಿದಳು. ತಿಳಿಯಲಿಲ್ಲ ಎಂಬ ಉತ್ತರಕ್ಕೆ ಯಾರಾದರೂ ಅಷ್ಟು ಹಿಗ್ಗಿದ್ದನ್ನು ನಾನು ಕಂಡಿಲ್ಲ. ಕಿರಿಯಾಕಿಯ ಮೊದಲ ಸಾಲನ್ನು ತೆಗೆದು ಅಲ್ಲಿಯೇ ತನ್ನ ಫೋನಿನಿಂದ ತಿದ್ದಿದಳು: ಮೊದಲು ಉದ್ದ, ಆಮೇಲೆ ಆರಾಮ, ಆಮೇಲೆ ಕೆಲಸದ ಮಾತು. ಆರಾಮವನ್ನೂ ಅಳತೆಯೊಳಗೆ ಸೇರಿಸಿದರೆ ದೊಡ್ಡವ್ವನ ತಕರಾರೇನೂ ಇರಲಿಲ್ಲ. "ಈಗ ಕೇಳ್ರಿ," ಎಂದು ಫೋನನ್ನು ಫಕೀರವ್ವನ ಕೈಗೆ ಕೊಟ್ಟಳು. ಮುದುಕಿ ಒಂದೇ ಮಾತು ಹೇಳಿ ಒತ್ತಿದಳು.

ಕಹಳೆ ಕೂಗಿತು: "ಫಕೀರವ್ವ!"

ಓಣಿಯ ಬಾಗಿಲುಗಳೆಲ್ಲ ತೆರೆದವು. ಆಕೆ ಇನ್ನೂ ಇದ್ದಾಳಾ ಎಂದು ಕೇಳಿದ ಎಳೆಯರೂ ಇದ್ದರು. ಗೋಪುರದ ಮೆಟ್ಟಿಲ ಮೇಲೆ ಅಡಿವೆಪ್ಪನ ಕೈಯಿಂದ ಪಾನಾ ಬಿದ್ದ ಸದ್ದು ಕಹಳೆಯಷ್ಟೇ ದೊಡ್ಡದಾಗಿ ಕೇಳಿಸಿತೆಂದು ಅಲ್ಲಿದ್ದವರು ಹೇಳುತ್ತಾರೆ. ಅವನು ಮನೆಗೆ ಓಡಿ ಬರುವಷ್ಟರಲ್ಲಿ ಕಿಟಕಿ ತೆರೆದಿತ್ತು, ಗಾಳಿ ಒಳಗೆ ಬಂದು ಮುದುಕಿಯ ಬಿಳಿಕೂದಲನ್ನು ಎತ್ತಿ ಆಡಿಸುತ್ತಿತ್ತು. ಬಾಗಿಲಲ್ಲೇ ನಿಂತ ಮಗನನ್ನು ಅವಳು ಮಹಾರಾಣಿಯ ಗತ್ತಿನಲ್ಲಿ ನೋಡಿದಳು.

"ಬಾ, ಕೂಡು. ಇದು ನನ್ನ ಗಾಳಿ. ನಿನಗೂ ಒಂದಿಷ್ಟು ಸೋರ್ಲಿ."

ಅಡಿವೆಪ್ಪ ಹಾಸಿಗೆಯ ಬದಿಯಲ್ಲಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಆ ದಿನ ಕಹಳೆಗೆ ಪುರುಸೊತ್ತು ಇರಲಿಲ್ಲ. ಊರಿನ ಹೆಸರುಗಳೆಲ್ಲ ಒಂದರ ಹಿಂದೆ ಒಂದು ಬಂದವು, ಪಟಗಳು ಒಂದರ ಮೇಲೊಂದು ಎದ್ದವು, ನಾನು ತುಟಿ ಊದಿಕೊಳ್ಳುವ ತನಕ ಊದಿದೆ.

ಮರುದಿನ ಶಿವಲೀಲಾ ಎಂದಿನಂತೆ ಕಂಡಿಗೆ ಹೋಗಿ ಕೂತಳು. ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮಧ್ಯಾಹ್ನ ಅವಳು ಕಂಡಿಯ ಬಾಗಿಲು ಎಳೆದು ಮನೆಗೆ ಬಂದಾಗ ನನಗೆ ಅಳುಕಾಯಿತು. ಕೆಲಸ ನಿಂತರೆ ಹೇಗಿರುತ್ತದೆಂದು, ಮದುವೆಯಿಲ್ಲದ ತಿಂಗಳುಗಳನ್ನು ಕಂಡ ಊದುವವನಿಗೆ ಬೇರೆಯವರು ಹೇಳಬೇಕಿಲ್ಲ. ಅವಳು ತಲೆಗೆ ಎರೆದುಕೊಂಡು ಬಂದು, ಅಂಗಳದಲ್ಲಿ ಕೂತು, ಒದ್ದೆ ಕೂದಲನ್ನು ಬೆನ್ನ ಮೇಲೆ ಬಿಟ್ಟಳು.

"ಗಾಳಿ ಕೇಳ್ಲೇನು?" ಎಂದೆ. ಯಾವಾಗಲೂ ನಾನೇ ಕೇಳುತ್ತಿದ್ದದ್ದು.

"ಬ್ಯಾಡ್ರಿ," ಎಂದು ತನ್ನ ಫೋನ್ ತೆಗೆದಳು. ಏನೋ ಬರೆದಳು. ಒತ್ತಿದಳು.

ಗೋಪುರದ ಕಹಳೆ ಬಂಡೆಗಲ್ಲಿನ ಗುಡ್ಡಗಳೆಲ್ಲ ಮರುದನಿ ಕೊಡುವ ಹಾಗೆ ಕೂಗಿತು: "ಶಿವಲೀಲಾ!"

ಓಣಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು, ಶರಣಪ್ಪ ಹೂಬುಟ್ಟಿ ಇಳಿಸಿದ. ಇಷ್ಟು ವರ್ಷದಲ್ಲಿ ಯಾರೂ ಆ ಹೆಸರನ್ನು ಮೇಲಿನಿಂದ ಕೇಳಿರಲಿಲ್ಲ. ಯಾರ ಗಾಳಿ, ಯಾರ ಗಾಳಿ ಎಂದು ಮಾಳಿಗೆಗಳಿಂದ ಕೇಳುತ್ತಿದ್ದರು. ನಾನು ಬೀದಿಗೆ ಓಡಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹಾಕಿ, "ನನ್ನ ಹೆಂಡತೀದು!" ಎಂದು ಕೂಗಿದೆ.

ಹಿಂದಿರುಗಿ ಬಂದಾಗ ಗಾಳಿ ಅಂಗಳಕ್ಕೆ ಬಂದಾಗಿತ್ತು. ಅವಳು ಕಣ್ಣು ಮುಚ್ಚಿ, ಮುಖ ಎತ್ತಿ ಕೂತಿದ್ದಳು, ಕೂದಲು ಒಂದೊಂದೇ ಎಳೆಯಾಗಿ ಹಾರುತ್ತಿತ್ತು. ಸೋರುಗಾಳಿಯಲ್ಲಿ ಕೂರುವವರನ್ನು ಕಂಡರೆ ಹಗುರ ಮಾತಾಡುವವನು ನಾನು. ಕ್ಲಾರಿಯೊನೆಟ್ಟನ್ನು ಕಟ್ಟೆಯ ಮೇಲಿಟ್ಟು, ಅವಳ ಪಕ್ಕದಲ್ಲಿ ಎಷ್ಟು ಹತ್ತಿರ ಕೂರಲು ಸಾಧ್ಯವೋ ಅಷ್ಟು ಹತ್ತಿರ ಕೂತೆ.